ಬಾಲಿಯ ಟ್ಯಾಕ್ಸಿ ಜಗಳದಲ್ಲಿ ಊರಿನ ಪಾಲು

ಇಂಡೊನೇಷ್ಯಾದ ಬಾಲಿ ದ್ವೀಪದಲ್ಲಿ ಉಬುಡ್, ಚಂಗು, ಉಲುವಾಟು ಕಡೆಯ ಅನೇಕ ಬೀದಿಗಳ ಮೊದಲಿಗೇ ಒಂದು ಬೋರ್ಡು ಕಾಣುತ್ತದೆ. ಗ್ರ್ಯಾಬ್, ಗೊಜೆಕ್, ಊಬರ್ ಆಪ್‌ಗಳ ಕಾರುಗಳು ಇಲ್ಲಿಂದ ಪ್ರಯಾಣಿಕರನ್ನು ಹತ್ತಿಸಿಕೊಳ್ಳುವಂತಿಲ್ಲ ಎಂಬುದು ಅದರ ಒಕ್ಕಣೆ. ಊಬರ್ ಆ ದೇಶವನ್ನು 2018ರಲ್ಲೇ ಬಿಟ್ಟು ಹೋಗಿದೆ, ಹಳೆಯ ಬೋರ್ಡುಗಳಲ್ಲಿ ಹೆಸರು ಮಾತ್ರ ಉಳಿದಿದೆ. ಆಪ್‌ನಲ್ಲಿ ಕರೆಸಿದ ಕಾರು ಪ್ರವಾಸಿಯನ್ನು ಹೋಟೆಲಿನ ಬಾಗಿಲಿಗೆ ತಂದು ಇಳಿಸಬಹುದು, ಆದರೆ ಹೊರಡುವಾಗ ಅದೇ ಬಾಗಿಲಿಗೆ ಬಂದು ಕರೆದುಕೊಂಡು ಹೋಗುವಂತಿಲ್ಲ. ಬಂದರೆ ಬೀದಿಯ ಕೊನೆಯ ಸ್ಟ್ಯಾಂಡಿನಲ್ಲಿ ಕೂತಿರುವ ಊರಿನ ಚಾಲಕರು ಅಡ್ಡ ನಿಲ್ಲುತ್ತಾರೆ. ಆಗ ಪ್ರವಾಸಿ ಸೂಟ್‌ಕೇಸ್ ಎಳೆದುಕೊಂಡು ಮುಖ್ಯರಸ್ತೆಯವರೆಗೆ ನಡೆಯಬೇಕು, ಇಲ್ಲವೇ ಅವರು ಕೇಳಿದಷ್ಟು ಬಾಡಿಗೆ ಕೊಡಬೇಕು. ಅದು ಸಾಮಾನ್ಯವಾಗಿ ಆಪ್ ತೋರಿಸುವ ದರದ ಎರಡು ಮೂರು ಪಟ್ಟು ಇರುತ್ತದೆ. ಹೊರಗಿನವರು ಇದಕ್ಕೆ ಇಟ್ಟ ಹೆಸರು ಟ್ಯಾಕ್ಸಿ ಮಾಫಿಯಾ. 2024ರ ಮಾರ್ಚ್ ಕೊನೆಯಲ್ಲಿ ಬೆಂಗಳೂರಿನಿಂದ ಬಾಲಿಯ ಡೆನ್‌ಪಸಾರ್‌ಗೆ ನೇರ ವಿಮಾನ ಶುರುವಾಯಿತು. ಬಾಲಿಗೆ ಬರುವ ವಿದೇಶಿಯರಲ್ಲಿ ಆಸ್ಟ್ರೇಲಿಯನ್ನರ ನಂತರದ ಸ್ಥಾನ ಈಗ ಭಾರತೀಯರದು. ಹೀಗಾಗಿ ಈ ಜಗಳ ನಮಗೂ ದೂರದ್ದಾಗಿ ಉಳಿದಿಲ್ಲ. ಇದನ್ನು ನ್ಯಾಯವಾದ ದರಕ್ಕೂ ಸುಲಿಗೆಗೂ ನಡುವಿನ ಜಗಳ ಎಂದು ಓದುವುದು ತಪ್ಪು ಎಂದು ನನಗೆ ಅನಿಸುತ್ತದೆ. ತನ್ನ ನೆಲದಲ್ಲಿ ನಡೆಯುವ ವ್ಯಾಪಾರದಲ್ಲಿ ತನಗೊಂದು ಪಾಲು ಬೇಕು ಎಂದು ಊರು ಕೇಳುತ್ತಿದೆ, ಆ ಕೇಳಿಕೆ ನ್ಯಾಯವಾದದ್ದು. ಅದನ್ನು ವಸೂಲಿ ಮಾಡುವ ಇಂದಿನ ರೀತಿ ಮಾತ್ರ ನ್ಯಾಯವಾದದ್ದಲ್ಲ, ಜಾಣತನದ್ದೂ ಅಲ್ಲ. ಇವೆರಡನ್ನು ಬೇರ್ಪಡಿಸಿ ನೋಡದೆ ಪರಿಹಾರ ಸಿಗುವುದಿಲ್ಲ.

ಒಂದು ಟ್ಯಾಕ್ಸಿ ಬಾಡಿಗೆ ಇಷ್ಟು ದೊಡ್ಡ ಸಂಗತಿ ಆಗುವುದಕ್ಕೆ ದ್ವೀಪದ ಸ್ಥಿತಿಯೇ ಮೊದಲ ಕಾರಣ. ಬಾಲಿಯ ವಿಸ್ತೀರ್ಣ ಸುಮಾರು 5,780 ಚದರ ಕಿಲೋಮೀಟರ್, 2020ರ ಜನಗಣತಿಯ ಪ್ರಕಾರ ಜನಸಂಖ್ಯೆ 43 ಲಕ್ಷ. ಅಲ್ಲಿಗೆ 2024ರಲ್ಲಿ ಬಂದ ವಿದೇಶಿ ಪ್ರವಾಸಿಗರೇ 63 ಲಕ್ಷ. ದ್ವೀಪದಲ್ಲಿ ರೈಲಿಲ್ಲ. ಬೆಮೊ ಎಂಬ ಪುಟ್ಟ ವ್ಯಾನುಗಳು ಒಂದು ಕಾಲದಲ್ಲಿ ಊರೂರು ಸುತ್ತುತ್ತಿದ್ದವು. ಮನೆಮನೆಗೆ ಮೋಟರ್‌ಬೈಕ್ ಬಂದಮೇಲೆ ಅವು ಬಹುಪಾಲು ಮರೆಯಾದವು. 2020ರ ಸೆಪ್ಟೆಂಬರಿನಲ್ಲಿ ಟ್ರಾನ್ಸ್ ಮೆಟ್ರೊ ದೇವಾತಾ ಎಂಬ ನಗರ ಬಸ್ ಸೇವೆ ಶುರುವಾಯಿತು, ಆಮೇಲೆ ಇಟ್ಟ ಟಿಕೆಟ್ ದರ 4,400 ರುಪಿಯಾ, ಅಂದರೆ ನಮ್ಮ 25 ರೂಪಾಯಿಯ ಆಸುಪಾಸು. ಜಕಾರ್ತದ ಕೇಂದ್ರ ಸರ್ಕಾರದ ಸಹಾಯಧನ ನಿಂತದ್ದೇ ತಡ, 2025ರ ಜನವರಿ 1ರಿಂದ ಆ ಬಸ್ಸುಗಳೂ ನಿಂತವು. ಸ್ಥಳೀಯ ಆಡಳಿತಗಳು ಹಣ ಹೊಂದಿಸಿ ಅವನ್ನು ಮತ್ತೆ ರಸ್ತೆಗಿಳಿಸಲು ಏಪ್ರಿಲ್ ತಿಂಗಳಾಯಿತು. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ ಎಂಬ ನಮ್ಮ ಗಾದೆಯ ಲೆಕ್ಕಾಚಾರ ಇಂಥ ಕಡೆ ಸಲೀಸಾಗಿ ಕೆಲಸ ಮಾಡುತ್ತದೆ. ವಿಮಾನದಿಂದ ಇಳಿದವರು ಯಾರದಾದರೂ ಕಾರು ಹತ್ತಲೇಬೇಕು. ಬಸ್ಸು, ರೈಲು ಇರುವ ಊರಿನಲ್ಲಿ ಟ್ಯಾಕ್ಸಿಯವರ ದರಕ್ಕೆ ತಾನಾಗಿಯೇ ಒಂದು ಮಿತಿ ಇರುತ್ತದೆ. ಇಲ್ಲಿ ಆ ಮಿತಿ ಇಲ್ಲದ ಕಾರಣ ಪ್ರಯಾಣಿಕರು ಯಾರ ಪಾಲಾಗಬೇಕು ಎಂಬುದಕ್ಕೇ ಪೈಪೋಟಿ ನಡೆಯುತ್ತದೆ.

ಆಪ್ ತೋರಿಸುವ ದರ ಹುಟ್ಟುವುದು ಎಲ್ಲಿ ಎಂದು ಈಗ ನೋಡೋಣ. ಗೊಜೆಕ್ 2010ರಲ್ಲಿ ಜಕಾರ್ತದಲ್ಲಿ, ಫೋನಿನಲ್ಲಿ ಬೈಕ್ ಸವಾರರನ್ನು ಒದಗಿಸುವ ಸಣ್ಣ ಕಚೇರಿಯಾಗಿ ಶುರುವಾಯಿತು. ಅದರ ಆಪ್ ಬಂದದ್ದು 2015ರಲ್ಲಿ. ಗ್ರ್ಯಾಬ್ 2012ರಲ್ಲಿ ಮಲೇಷ್ಯಾದಲ್ಲಿ ಹುಟ್ಟಿತು, ಈಗ ಅದರ ಮುಖ್ಯ ಕಚೇರಿ ಸಿಂಗಪುರದಲ್ಲಿದೆ. 2016ರ ಮಾರ್ಚ್‌ನಲ್ಲಿ ಜಕಾರ್ತದ ಟ್ಯಾಕ್ಸಿ ಚಾಲಕರು ಆಪ್‌ಗಳ ವಿರುದ್ಧ ಬೀದಿಗಿಳಿದ ಮೇಲೆ ಸಾರಿಗೆ ಸಚಿವಾಲಯ ಒಂದರ ಮೇಲೊಂದು ನಿಯಮ ತಂದಿತು. 2017ರಲ್ಲಿ ಸುಮಾತ್ರ, ಜಾವಾ, ಬಾಲಿ ಸೇರಿದ ವಲಯಕ್ಕೆ ಆಪ್ ಕಾರಿನ ದರ ಕಿಲೋಮೀಟರಿಗೆ ಕನಿಷ್ಠ 3,500, ಗರಿಷ್ಠ 6,000 ರುಪಿಯಾ ಎಂದು ಗೊತ್ತುಮಾಡಿತು. ನಮ್ಮ ಒಂದು ರೂಪಾಯಿಗೆ 185 ರುಪಿಯಾ ಎಂದು ಹಿಡಿದರೆ ಆ ಕನಿಷ್ಠ ದರ 19 ರೂಪಾಯಿಯಷ್ಟಾಯಿತು. 2024ರಲ್ಲಿ ಕರ್ನಾಟಕ ಸರ್ಕಾರ ಟ್ಯಾಕ್ಸಿಗಳಿಗೆ ಏಕರೂಪ ದರ ನಿಗದಿ ಮಾಡಿದಾಗ ಹತ್ತು ಲಕ್ಷದೊಳಗಿನ ಅಗ್ಗದ ಕಾರಿಗೂ ಮೊದಲ ನಾಲ್ಕು ಕಿಲೋಮೀಟರಿಗೆ 100 ರೂಪಾಯಿ, ಆಮೇಲೆ ಕಿಲೋಮೀಟರಿಗೆ 24 ರೂಪಾಯಿ ಎಂದಿತ್ತು. ಬಾಲಿಯ ವಿಮಾನ ನಿಲ್ದಾಣದಿಂದ ಉಬುಡ್‌ಗೆ ಹೆಚ್ಚುಕಡಿಮೆ 35 ಕಿಲೋಮೀಟರ್. ಆ ಕನಿಷ್ಠ ದರದಲ್ಲಿ ಅಷ್ಟು ದೂರಕ್ಕೆ ಸುಮಾರು 660 ರೂಪಾಯಿ ಆದರೆ ಬೆಂಗಳೂರಿನ ಅತಿ ಅಗ್ಗದ ಕಾರಿನಲ್ಲಿ 844 ಆಗುತ್ತದೆ. ಅಲ್ಲಿ ಪೆಟ್ರೋಲ್ ಅಗ್ಗ ಎಂಬುದು ನಿಜ. 2022ರ ಸೆಪ್ಟೆಂಬರಿನಲ್ಲಿ ಬೆಲೆ ಏರಿಸಿದ ಮೇಲೂ ಸಬ್ಸಿಡಿ ಪೆಟ್ರೋಲ್ ಲೀಟರಿಗೆ 10,000 ರುಪಿಯಾ, ನಮ್ಮ ಬೆಲೆಯ ಅರ್ಧದಷ್ಟು. ಆದರೂ ಬಾಡಿಗೆಯಲ್ಲಿ ಕಂಪನಿಯ ಕಮಿಷನ್ ಕಳೆದು, ಕಾರಿನ ಕಂತು, ಟೈರು, ರಿಪೇರಿ ಕಳೆದು ಚಾಲಕನ ಕೈಗೆ ಬರುವುದು ಅಲ್ಪ. 2025ರ ಮೇ ತಿಂಗಳಲ್ಲಿ ಇಂಡೊನೇಷ್ಯಾದ ಹಲವು ನಗರಗಳಲ್ಲಿ ಆಪ್ ಚಾಲಕರೇ ಕೆಲಸ ನಿಲ್ಲಿಸಿ, ಕಮಿಷನ್ ಶೇ. 10ಕ್ಕೆ ಇಳಿಸಿ ಎಂದು ಬೀದಿಗೆ ಬಂದರು. ಪ್ರವಾಸಿ ನ್ಯಾಯದ ಅಳತೆಗೋಲು ಎಂದು ಹಿಡಿದುಕೊಂಡಿರುವ ದರವನ್ನು ಅದರಲ್ಲಿ ದುಡಿಯುವವರೇ ನ್ಯಾಯ ಎಂದು ಒಪ್ಪಿಲ್ಲ. ಆ ದರದಲ್ಲಿ ಊರಿನ ಪಾಲಂತೂ ಇಲ್ಲವೇ ಇಲ್ಲ.

ಊರು ಯಾಕೆ ಪಾಲು ಕೇಳಬೇಕು ಎಂಬುದಕ್ಕೆ ಉತ್ತರ ಬಾಲಿಯ ಗ್ರಾಮವ್ಯವಸ್ಥೆಯಲ್ಲಿದೆ. ಸರ್ಕಾರಿ ಆಡಳಿತದ ಜೊತೆಗೆ ಅಲ್ಲಿ ದೇಸಾ ಅದಾತ್ ಎಂಬ ಸಾಂಪ್ರದಾಯಿಕ ಗ್ರಾಮಗಳಿವೆ, ಸುಮಾರು 1,500. ಅವುಗಳೊಳಗೆ ಬಂಜಾರ್ ಎಂಬ ಕೇರಿ ಸಭೆಗಳು. 2019ರ ಪ್ರಾಂತೀಯ ಕಾನೂನು ಈ ಗ್ರಾಮಗಳಿಗೆ ಸ್ವಂತ ಆಸ್ತಿ, ಸ್ವಂತ ಕಟ್ಟಳೆ, ಸ್ವಂತ ವ್ಯವಹಾರ ನಡೆಸುವ ಅಧಿಕಾರ ಇದೆ ಎಂದು ಒಪ್ಪಿಕೊಂಡಿತು. ಮದುವೆಯಾದ ಗಂಡಹೆಂಡಿರು ಬಂಜಾರ್‌ನ ಸದಸ್ಯರಾಗುತ್ತಾರೆ, ಸದಸ್ಯತ್ವದ ಜೊತೆಗೆ ಹೊಣೆಯೂ ಬರುತ್ತದೆ. ಬಾಲಿಯ ಪಂಚಾಂಗದ ಪ್ರಕಾರ 210 ದಿನಗಳಿಗೊಮ್ಮೆ ಬರುವ ದೇವಸ್ಥಾನದ ಹಬ್ಬಕ್ಕೆ ಕೂಲಿಯಿಲ್ಲದೆ ದುಡಿಯಬೇಕು, ಶವಸಂಸ್ಕಾರಗಳಿಗೆ ಸೇರಬೇಕು, ವಂತಿಗೆ ಕೊಡಬೇಕು, ತಪ್ಪಿಸಿಕೊಂಡರೆ ದಂಡ ತೆರಬೇಕು. ಪ್ರವಾಸಿ ಕ್ಯಾಮೆರಾದಲ್ಲಿ ತುಂಬಿಕೊಂಡು ಹೋಗುವ ಮೆರವಣಿಗೆ, ಬಿದಿರಿನ ತೋರಣ, ಗುಡಿಯ ಗೋಪುರ, ಗದ್ದೆಯ ಮೆಟ್ಟಿಲು ಇವೆಲ್ಲ ಈ ಬಿಟ್ಟಿ ದುಡಿಮೆಯಿಂದ ಉಳಿದು ಬಂದವು. ವಿಮಾನದ ಟಿಕೆಟ್ಟು ಮಾರಿದವರೂ ಹೋಟೆಲು ಕಟ್ಟಿದವರೂ ಬುಕಿಂಗ್ ತಾಣಗಳೂ ಗಳಿಸುವುದು ಅದರ ಆಕರ್ಷಣೆಯಿಂದಲೇ. ಆದರೆ ಹೋಟೆಲು ಕಟ್ಟುವಷ್ಟು ಬಂಡವಾಳ ಊರಿನವರ ಬಳಿ ಇರುವುದು ಅಪರೂಪ. ಸಾಲದಲ್ಲಿ ಒಂದು ಕಾರು ಕೊಂಡು ಬಾಡಿಗೆಗೆ ಓಡಿಸುವುದು ಅವರ ಕೈಗೆ ಎಟಕುವ ಕೆಲವೇ ಕಸುಬುಗಳಲ್ಲಿ ಒಂದು. ಭೂಮಿ ಮಾರಿಹೋದ ಮೇಲೆ, ಗದ್ದೆ ವಿಲ್ಲಾ ಆದ ಮೇಲೆ, ಆ ಕಸುಬನ್ನೂ ದೂರದ ಸರ್ವರ್ ಒಂದು ಹಂಚಿಕೊಡತೊಡಗಿದರೆ ಬೀದಿಯ ಕೊನೆಯಲ್ಲಿ ಕೂತವರು ಎದ್ದು ನಿಲ್ಲುವುದರಲ್ಲಿ ಆಶ್ಚರ್ಯವಿಲ್ಲ. ಪ್ರವಾಸೋದ್ಯಮ ಬಿದ್ದಾಗ ಬೀಳುವವರೂ ಇವರೇ. 2002ರ ಅಕ್ಟೋಬರಿನ ಬಾಂಬ್ ಸ್ಫೋಟದಲ್ಲಿ 202 ಜನ ಸತ್ತ ಮೇಲೆ ದ್ವೀಪ ಬರಿದಾಯಿತು. ಕೋವಿಡ್ ಬಂದ 2020ರಲ್ಲಿ ಬಾಲಿಯ ಆರ್ಥಿಕತೆ ಶೇ. 9ಕ್ಕೂ ಹೆಚ್ಚು ಕುಸಿಯಿತು. ಆಪ್ ಕಂಪನಿಗಳಿಗೆ ಓಡಲು ಬೇರೆ ಊರುಗಳಿದ್ದವು.

ಹೊರಗಿನವರು ಈ ಗ್ರಾಮಾಧಿಕಾರವನ್ನು ಒಪ್ಪದವರೇನೂ ಅಲ್ಲ. ವರ್ಷಕ್ಕೊಮ್ಮೆ ನ್ಯೆಪಿ ಎಂಬ ಮೌನದ ದಿನದಂದು ಇಡೀ ದ್ವೀಪದಲ್ಲಿ ತುರ್ತು ವಾಹನ ಬಿಟ್ಟರೆ ಒಂದು ವಾಹನವೂ ಓಡುವುದಿಲ್ಲ, ವಿಮಾನ ನಿಲ್ದಾಣವೂ 24 ಗಂಟೆ ಮುಚ್ಚಿರುತ್ತದೆ. ಪೆಚಾಲಾಂಗ್ ಎಂಬ ಊರ ಕಾವಲುಗಾರರು ಬೀದಿ ಸುತ್ತುತ್ತಾರೆ, ಪ್ರವಾಸಿಗಳು ಹೋಟೆಲಿನೊಳಗೇ ಇರುತ್ತಾರೆ. ಅದನ್ನು ಸಂಸ್ಕೃತಿ ಎಂದು ಗೌರವಿಸಿ ತಮ್ಮ ಊರಿಗೆ ಹೋದ ಮೇಲೆ ಹೇಳಿಕೊಳ್ಳುವವರಿಗೆ, ಉಳಿದ ದಿನಗಳಲ್ಲಿ ಅದೇ ಊರು ತನ್ನ ಬೀದಿಯಲ್ಲಿ ಯಾರು ದುಡಿಯಬೇಕೆಂದು ಹೇಳಿದರೆ ಅದು ಮಾಫಿಯಾ ಆಗಿ ಕಾಣುತ್ತದೆ. ಊರಿನ ಅಧಿಕಾರ ನೋಡಲು ಚೆಂದವಾಗಿರುವಷ್ಟು ಹೊತ್ತು ಮಾತ್ರ ಬೇಕು, ನಮ್ಮ ಜೇಬಿಗೆ ತಗುಲಿದಾಗ ಬೇಡ ಎಂಬ ನಿಲುವನ್ನು ಸಮರ್ಥಿಸಿಕೊಳ್ಳುವುದು ಕಷ್ಟ.

ಇಷ್ಟು ಹೇಳಿದ ಮೇಲೆ ಎದುರು ಬರುವ ಮೊದಲ ಆಕ್ಷೇಪ ಬಲವಾದದ್ದು. ಹಕ್ಕು ಊರಿನದೇ ಇರಲಿ, ರಾತ್ರಿ ಹನ್ನೊಂದಕ್ಕೆ ಮಕ್ಕಳನ್ನು ಕಟ್ಟಿಕೊಂಡು ನಿಂತ ಕುಟುಂಬದ ಎದುರು ಬಾಯಿಗೆ ಬಂದ ದರ ಹೇಳುವುದು, ಕಾರಿಗೆ ಅಡ್ಡ ನಿಲ್ಲುವುದು, ಆಪ್ ಚಾಲಕನನ್ನು ಗದರಿಸಿ ಕಳಿಸುವುದು ಯಾವ ನ್ಯಾಯ? ಇದು ನ್ಯಾಯವಲ್ಲ, ಇದನ್ನು ಸಮರ್ಥಿಸಲು ಸಂಪ್ರದಾಯದ ಹೆಸರು ಎತ್ತುವುದು ಆ ಸಂಪ್ರದಾಯಕ್ಕೇ ಮಾಡುವ ಅವಮಾನ. ಪಾಲು ಎಂದಮೇಲೆ ಅದಕ್ಕೊಂದು ಅಳತೆ ಇರಬೇಕು. ಮುಖ ನೋಡಿ ಹೇಳುವ ದರದಲ್ಲಿ ಊರಿಗೆ ಎಷ್ಟು, ಚಾಲಕನಿಗೆ ಎಷ್ಟು, ಸ್ಟ್ಯಾಂಡನ್ನು ಹಿಡಿತದಲ್ಲಿಟ್ಟುಕೊಂಡ ನಾಲ್ಕು ಜನರಿಗೆ ಎಷ್ಟು ಎಂಬುದು ಕೊಡುವವರಿಗೆ ತಿಳಿಯುವುದಿಲ್ಲ. ಊರಿನ ಉಳಿದವರಿಗೂ ಖಚಿತವಾಗಿ ತಿಳಿಯುವುದಿಲ್ಲ. ಥಾಯ್ಲೆಂಡಿನ ಫುಕೆಟ್ ದ್ವೀಪ ಈ ದಾರಿಯಲ್ಲಿ ಬಹಳ ದೂರ ಹೋಗಿತ್ತು. ಅಲ್ಲಿನ ಟ್ಯಾಕ್ಸಿ, ಟುಕ್‌ಟುಕ್ ಗುಂಪುಗಳು ಒಂದೊಂದು ಸ್ಟ್ಯಾಂಡನ್ನು ಸ್ವಂತ ಜಹಗೀರು ಮಾಡಿಕೊಂಡಿದ್ದವು. 2014ರಲ್ಲಿ ಸೇನೆ ಅಧಿಕಾರಕ್ಕೆ ಬಂದ ಬೆನ್ನಿಗೇ ದೊಡ್ಡ ಕಾರ್ಯಾಚರಣೆ ನಡೆಸಿ ಹಲವರನ್ನು ಬಂಧಿಸಿತು. ಬಂದೂಕು ಹಿಡಿದವರು ಬಂದು ಬಿಡಿಸಬೇಕಾದಷ್ಟು ಗಂಟು ಬೀಳುವ ಮೊದಲು ಬಾಲಿ ಎಚ್ಚೆತ್ತರೆ ಒಳ್ಳೆಯದು.

ಊರುಗಳು ಹೀಗೆ ಹಾಕಿಕೊಂಡ ಬೇಲಿಯಿಂದ ಆಗುವ ನಷ್ಟ ಪ್ರವಾಸಿಗೆ ಮಾತ್ರ ಎಂದುಕೊಂಡರೆ ಲೆಕ್ಕದ ದೊಡ್ಡ ಭಾಗ ತಪ್ಪಿಹೋಗುತ್ತದೆ. ಚಂಗುವಿನ ಚಾಲಕನೊಬ್ಬ ಪ್ರಯಾಣಿಕರನ್ನು ಉಬುಡ್‌ನಲ್ಲಿ ಇಳಿಸಿದ ಎನ್ನಿ. ಉಬುಡ್‌ನ ಸ್ಟ್ಯಾಂಡಿನವರು ಅವನಿಗೆ ಅಲ್ಲಿಂದ ಬಾಡಿಗೆ ಹತ್ತಿಸಿಕೊಳ್ಳಲು ಬಿಡುವುದಿಲ್ಲ. ಉಬುಡ್‌ನವನು ಚಂಗುವಿಗೆ ಹೋದರೆ ಅವನಿಗೂ ಅದೇ ಗತಿ. ಇಬ್ಬರೂ ಖಾಲಿ ಕಾರು ಓಡಿಸಿಕೊಂಡು ಎದುರುಬದುರು ಹಾದುಹೋಗುತ್ತಾರೆ. ವಾಪಸ್ ಖಾಲಿ ಬರ್ಬೇಕು ಸಾರ್ ಎಂದು ನಮ್ಮ ಆಟೋದವರು ಹೇಳುವ ಮಾತೇ ಅಲ್ಲಿ ಇಡೀ ದ್ವೀಪದ ನಿಯಮವಾಗಿ ಕೂತಿದೆ. ಹೀಗಾಗಿ ಒಂದು ಕಡೆಯ ಪ್ರಯಾಣಕ್ಕೆ ಎರಡು ಕಡೆಯ ಖರ್ಚು ಬೀಳುತ್ತದೆ, ಊರಿನವರು ಹೇಳುವ ದುಬಾರಿ ದರದಲ್ಲಿ ಗಣನೀಯ ಭಾಗ ಈ ಖಾಲಿ ಓಟದ ಬೆಲೆ. ಅದು ಲಾಭವಾಗಿ ಯಾರ ಜೇಬಿಗೂ ಸೇರುವುದಿಲ್ಲ, ಪೆಟ್ರೋಲಾಗಿ ಉರಿದುಹೋಗುತ್ತದೆ. ಮೊದಲೇ ಕಿರಿದಾದ ರಸ್ತೆಗಳ ಮೇಲೆ ಅಷ್ಟೇ ಹೆಚ್ಚಿನ ಕಾರುಗಳ ಭಾರ ಬೀಳುತ್ತದೆ. 2023ರ ಡಿಸೆಂಬರ್ ಕೊನೆಯಲ್ಲಿ ವಿಮಾನ ನಿಲ್ದಾಣದ ಸುತ್ತ ವಾಹನಗಳು ಹೇಗೆ ಜಾಮ್ ಆದವೆಂದರೆ, ಸಮುದ್ರದ ಮೇಲೆ ಹಾದುಹೋಗುವ ಟೋಲ್ ರಸ್ತೆಯಲ್ಲಿ ಜನ ಕಾರಿಳಿದು ಸಾಮಾನು ಹೊತ್ತು ವಿಮಾನ ಹಿಡಿಯಲು ನಡೆದರು. ಪ್ರತಿ ಊರೂ ತನ್ನ ಬೀದಿಯನ್ನು ಕಾಯ್ದುಕೊಂಡು, ಎಲ್ಲ ಊರುಗಳೂ ಸೇರಿ ದ್ವೀಪದ ರಸ್ತೆಯನ್ನು ಕೆಡಿಸಿಕೊಂಡಂತಾಯಿತು.

ಇಂಥ ಸಮಸ್ಯೆಯನ್ನು ಬಿಡಿಸುವುದು ಬಾಲಿಯ ಜನಕ್ಕೆ ಹೊಸದಲ್ಲ ಎಂಬ ಸಂಗತಿ ನನಗೆ ಈ ವಿಷಯದಲ್ಲಿ ಎಲ್ಲಕ್ಕಿಂತ ಹೆಚ್ಚು ಭರವಸೆ ಕೊಡುತ್ತದೆ. ಅಲ್ಲಿನ ಭತ್ತದ ಗದ್ದೆಗಳಿಗೆ ನೀರು ಹಂಚುವ ಸುಬಕ್ ಎಂಬ ರೈತ ಸಂಘಗಳಿಗೆ ಸಾವಿರ ವರ್ಷದಷ್ಟು ಹಳೆಯ ಇತಿಹಾಸವಿದೆ. 2012ರಲ್ಲಿ ಯುನೆಸ್ಕೊ ಈ ವ್ಯವಸ್ಥೆಯ ಭೂದೃಶ್ಯವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಮೇಲಿನ ಊರಿನವರ ಕೈಯಲ್ಲಿ ನೀರಿದೆ. ಅವರು ಮನಸ್ಸು ಮಾಡಿದರೆ ಕೆಳಗಿನವರಿಗೆ ಹನಿಯೂ ಹೋಗದಂತೆ ತಡೆಯಬಹುದು. ಆದರೂ ಬಿಡುತ್ತಾರೆ, ಅದಕ್ಕೆ ಔದಾರ್ಯವೊಂದೇ ಕಾರಣವಲ್ಲ. ಮಾನವಶಾಸ್ತ್ರಜ್ಞ ಸ್ಟೀಫನ್ ಲ್ಯಾನ್ಸಿಂಗ್ ಇದನ್ನು ವರ್ಷಗಟ್ಟಲೆ ಅಧ್ಯಯನ ಮಾಡಿ ತೋರಿಸಿದ್ದೇನೆಂದರೆ, ಅಕ್ಕಪಕ್ಕದ ಊರುಗಳೆಲ್ಲ ಒಟ್ಟಿಗೆ ನಾಟಿ ಮಾಡಿ ಒಟ್ಟಿಗೆ ಗದ್ದೆ ಬೀಳು ಬಿಟ್ಟರೆ ಹುಳ ತಿನ್ನಲು ಏನೂ ಸಿಗದೆ ಸಾಯುತ್ತದೆ. ಒಬ್ಬರ ಗದ್ದೆ ಹಸಿರಾಗಿದ್ದರೆ ಹುಳ ಅಲ್ಲಿ ಉಳಿದು ಎಲ್ಲರನ್ನೂ ಮುತ್ತುತ್ತದೆ. ಕೆಳಗಿನವರು ತಮ್ಮ ವೇಳೆಗೆ ಸೇರಿ ಬೆಳೆಯಬೇಕಾದರೆ ಮೇಲಿನವರು ಅವರಿಗೆ ನೀರು ಬಿಡಬೇಕು. ಈ ವೇಳಾಪಟ್ಟಿಯನ್ನು ಜಲದೇವಾಲಯಗಳು ಗೊತ್ತುಮಾಡುತ್ತಿದ್ದವು. 1970ರ ದಶಕದ ಹಸಿರು ಕ್ರಾಂತಿಯಲ್ಲಿ ಅಧಿಕಾರಿಗಳು ದೇವಾಲಯದ ವೇಳಾಪಟ್ಟಿ ಬಿಟ್ಟು ಪ್ರತಿಯೊಬ್ಬರೂ ಸಾಧ್ಯವಾದಷ್ಟು ಸಲ ಬೆಳೆಯಿರಿ ಎಂದರು. ಕೆಲವೇ ವರ್ಷಗಳಲ್ಲಿ ನೀರಿನ ಗೊಂದಲವೂ ಕೀಟದ ಹಾವಳಿಯೂ ಹೆಚ್ಚಿದವು, ಕೊನೆಗೆ ಹಳೆಯ ಕ್ರಮಕ್ಕೆ ಮರಳಬೇಕಾಯಿತು. ಟ್ಯಾಕ್ಸಿಯ ವಿಷಯದಲ್ಲಿ ಇದು ಎರಡೂ ಕಡೆಯವರಿಗೆ ಪಾಠ. ಹೊರಗಿನಿಂದ ಬಂದ ಆಪ್, ಊರುಗಳ ಒಪ್ಪಂದವನ್ನು ಲೆಕ್ಕಿಸದೆ ಪ್ರತಿ ಕಾರನ್ನೂ ಪ್ರತಿ ಪ್ರಯಾಣಿಕರಿಗೂ ಬಿಡಿಬಿಡಿಯಾಗಿ ಜೋಡಿಸುತ್ತದೆ. ಊರುಗಳೋ ನೀರಿನಲ್ಲಿ ಕಲಿತ ವಿದ್ಯೆಯನ್ನು ರಸ್ತೆಯಲ್ಲಿ ಬಳಸದೆ ತೂಬು ಮುಚ್ಚಿ ಕೂತಿವೆ. ನನ್ನ ಊರಿನಲ್ಲಿ ನಿನಗೆ ಬಾಡಿಗೆ ಸಿಗಲಿ, ನಿನ್ನ ಊರಿನಲ್ಲಿ ನನಗೆ ಸಿಗಲಿ ಎಂಬ ಕರಾರು ಊರುಗಳ ನಡುವೆ ಆದರೆ ಖಾಲಿ ಓಟ ಕಡಿಮೆಯಾಗುತ್ತದೆ. ಆಗ ದರ ಇಳಿದರೂ ಚಾಲಕನ ಕೈಗೆ ಬರುವ ಹಣ ಇಳಿಯಬೇಕಿಲ್ಲ.

ಇದೆಲ್ಲ ಯಾಕೆ, ಆಪ್‌ಗಳನ್ನು ಎಲ್ಲ ಕಡೆ ಬಿಟ್ಟರೆ ಪೈಪೋಟಿಯೇ ದರವನ್ನು ಸರಿಮಾಡುತ್ತದೆ ಎನ್ನುವವರಿದ್ದಾರೆ. ಆದರೆ ಪೈಪೋಟಿ ಉಳಿದರೆ ತಾನೇ? 2018ರ ಮಾರ್ಚ್‌ನಲ್ಲಿ ಊಬರ್ ತನ್ನ ಆಗ್ನೇಯ ಏಷ್ಯಾ ವ್ಯವಹಾರವನ್ನು ಗ್ರ್ಯಾಬ್‌ಗೆ ಒಪ್ಪಿಸಿ, ಬದಲಿಗೆ ಗ್ರ್ಯಾಬ್‌ನ ಶೇ. 27.5 ಪಾಲು ಪಡೆಯಿತು. ಅದಾದ ಮೇಲೆ ರಿಯಾಯಿತಿ ಕಳೆದು ಪ್ರಯಾಣಿಕರು ನಿಜವಾಗಿ ಕೊಡುವ ದರ ಶೇ. 10ರಿಂದ 15ರಷ್ಟು ಏರಿತೆಂದು ಸಿಂಗಪುರದ ಸ್ಪರ್ಧಾ ಆಯೋಗ ಕಂಡುಕೊಂಡಿತು. ಎರಡೂ ಕಂಪನಿಗಳಿಗೆ ದಂಡ ಹಾಕಿತು. ಸಿಂಗಪುರದಂಥ ಬಿಗಿ ಆಡಳಿತದ, ಎಲ್ಲೆಡೆ ಮೆಟ್ರೊ ರೈಲಿರುವ ನಗರದಲ್ಲೇ ಹೀಗಾಯಿತು. ಬಸ್ಸೇ ನಿಂತುಹೋಗುವ ದ್ವೀಪದಲ್ಲಿ ಒಂದೆರಡು ಕಂಪನಿಗಳು ಮಾತ್ರ ಉಳಿದರೆ ದರ ಯಾರ ಮಾತು ಕೇಳೀತು? ಬೀದಿಯ ಕೊನೆಯ ಏಕಸ್ವಾಮ್ಯವನ್ನು ಒಡೆಯಲು ಇಡೀ ದ್ವೀಪದ ಏಕಸ್ವಾಮ್ಯವನ್ನು ಬರಮಾಡಿಕೊಳ್ಳುವುದು ಪರಿಹಾರವಲ್ಲ. ಬೀದಿಯವರನ್ನು ಬಂಜಾರ್ ಸಭೆಯಲ್ಲಾದರೂ ಎದ್ದು ಕೇಳಬಹುದು.

ಸುರಕ್ಷತೆಯ ಮಾತು ಬೇರೆ. ಒಬ್ಬಳೇ ಪ್ರಯಾಣ ಮಾಡುವ ಹೆಣ್ಣುಮಗಳಿಗೆ ಚಾಲಕನ ಹೆಸರು, ಕಾರಿನ ನಂಬರು, ಸಾಗುತ್ತಿರುವ ದಾರಿ ಫೋನಿನಲ್ಲಿ ಕಾಣುವುದು, ಅದನ್ನು ಮನೆಯವರಿಗೆ ಕಳಿಸಲು ಆಗುವುದು ಆಪ್ ಕೊಟ್ಟ ನಿಜವಾದ ಉಪಕಾರ. ಇದನ್ನು ಕಡೆಗಣಿಸುವ ಯಾವ ವಾದವೂ ನನಗೆ ಒಪ್ಪಿಗೆಯಿಲ್ಲ. ಆದರೆ ಈ ಉಪಕಾರ ಗ್ರ್ಯಾಬ್, ಗೊಜೆಕ್‌ಗಳಿಗೇ ಅಂಟಿಕೊಂಡದ್ದಲ್ಲ. 1972ರಲ್ಲಿ ಜಕಾರ್ತದಲ್ಲಿ ಶುರುವಾದ, ಬಾಲಿಯಲ್ಲೂ ಓಡುವ ಬ್ಲೂ ಬರ್ಡ್ ಟ್ಯಾಕ್ಸಿ ಮೀಟರ್ ಹಾಕುತ್ತದೆ, ಅದಕ್ಕೂ ಸ್ವಂತ ಆಪ್ ಇದೆ. ಚಾಲಕರ ನೋಂದಣಿ, ನಂಬರು, ದಾರಿಯ ದಾಖಲೆ ಇವನ್ನು ಊರಿನ ಸ್ಟ್ಯಾಂಡಿನ ಮೇಲೂ ಕಡ್ಡಾಯ ಮಾಡಲು ಯಾವ ಅಡ್ಡಿಯೂ ಇಲ್ಲ. ತಮ್ಮ ಹೆಸರು, ನಂಬರು ದಾಖಲಾಗುವುದಕ್ಕೆ ಒಪ್ಪದ ಸ್ಟ್ಯಾಂಡಿಗೆ ಪ್ರಯಾಣಿಕರನ್ನು ಹತ್ತಿಸುವ ಹಕ್ಕು ಇರಬಾರದು.

ಇನ್ನೊಂದು ಆಕ್ಷೇಪ ಇನ್ನೂ ಸೂಕ್ಷ್ಮವಾದದ್ದು. ಬೋರ್ಡು ತಡೆಯುವ ಆಪ್ ಚಾಲಕನೂ ಬಡವನೇ. ಎಷ್ಟೋ ಸಲ ಅವನು ಪಕ್ಕದ ತಾಲ್ಲೂಕಿನ ಬಾಲಿಯವನೇ ಆಗಿರುತ್ತಾನೆ, ಇಲ್ಲವೇ ಗಿಲಿಮಾನುಕ್ ಬಂದರಿನಲ್ಲಿ ಫೆರಿ ಇಳಿದು ಬಂದ ಜಾವಾದವನು. 2025ರ ಜನವರಿಯಲ್ಲಿ ಪ್ರವಾಸಿ ಕಾರು ಚಾಲಕರು ಪ್ರಾಂತೀಯ ಶಾಸನಸಭೆಯ ಎದುರು ಸೇರಿ, ಆಪ್ ಕಾರುಗಳ ಸಂಖ್ಯೆಗೆ ಮಿತಿ ಹಾಕಿ, ದರ ಏಕರೂಪವಾಗಲಿ, ಕಾರುಗಳಿಗೆ ಬಾಲಿಯ ಡಿಕೆ ನಂಬರ್ ಪ್ಲೇಟು ಕಡ್ಡಾಯವಾಗಲಿ, ಚಾಲಕರಾಗಿ ಬಾಲಿಯ ಗುರುತಿನ ಚೀಟಿ ಇದ್ದವರನ್ನೇ ತೆಗೆದುಕೊಳ್ಳಲಿ ಎಂದೆಲ್ಲ ಬೇಡಿಕೆ ಇಟ್ಟರು. ಅದೇ ವರ್ಷ ಶಾಸನಸಭೆ ಈ ಬೇಡಿಕೆಗಳನ್ನು ನಿಯಮವಾಗಿಸಲು ಹೊರಟಿತು. ಇವುಗಳಲ್ಲಿ ನಂಬರ್ ಪ್ಲೇಟಿನ ಬೇಡಿಕೆಗೆ ಗಟ್ಟಿ ಕಾರಣವಿದೆ. ಇಂಡೊನೇಷ್ಯಾದಲ್ಲಿ ವಾಹನ ತೆರಿಗೆ ನೋಂದಣಿಯಾದ ಪ್ರಾಂತ್ಯಕ್ಕೆ ಸೇರುತ್ತದೆ. ಜಕಾರ್ತದ ಪ್ಲೇಟಿನ ಕಾರು ವರ್ಷವಿಡೀ ಬಾಲಿಯ ರಸ್ತೆ ಸವೆಸಿದರೂ ತೆರಿಗೆ ಜಕಾರ್ತಕ್ಕೇ ಹೋಗುತ್ತದೆ. ದುಡಿಯುವ ನೆಲದಲ್ಲಿ ತೆರಿಗೆ ಕಟ್ಟು ಎನ್ನುವುದು ಸರಿಯಾದ ಮಾತು. ಹುಟ್ಟಿದ ನೆಲ ಯಾವುದು ಎಂದು ಕೇಳಿ ಕೆಲಸ ಕೊಡುವುದು ಹಾಗಲ್ಲ. ಸ್ಥಳೀಯರಿಗೆ ಖಾಸಗಿ ಉದ್ಯೋಗ ಮೀಸಲಿಡುವ ಮಸೂದೆಗೆ 2024ರ ಜುಲೈನಲ್ಲಿ ಕರ್ನಾಟಕದ ಸಚಿವ ಸಂಪುಟ ಒಪ್ಪಿಗೆ ಕೊಟ್ಟು, ದಿನಗಳೊಳಗೆ ತಡೆಹಿಡಿದದ್ದು ನಮ್ಮ ನೆನಪಿನಲ್ಲಿದೆ. ಅದರ ಹಿಂದಿದ್ದ ಆತಂಕವೂ ನಿಜ, ಅದರ ಎದುರಿದ್ದ ಆತಂಕವೂ ನಿಜ. ಹಿಂದೂಗಳೇ ಬಹುಸಂಖ್ಯಾತರಾದ ಬಾಲಿಗೆ ದುಡಿಯಲು ಬರುವ ಜಾವಾದವರು ಹೆಚ್ಚಾಗಿ ಮುಸ್ಲಿಮರು. ಟ್ಯಾಕ್ಸಿ ಸ್ಟ್ಯಾಂಡಿನ ಸಿಟ್ಟು ಧರ್ಮದ ಸಿಟ್ಟಾಗಿ ಹೊರಳಲು ಹೆಚ್ಚು ಹೊತ್ತು ಬೇಕಿಲ್ಲ. ಸ್ಟ್ಯಾಂಡು ಇರುವ ಊರಿನಲ್ಲಿ ನೆಲೆಸಿ, ಕಾರನ್ನು ಅಲ್ಲೇ ನೋಂದಾಯಿಸಿ, ಊರಿನ ಪಾಲು ಕೊಡಲು ಸಿದ್ಧನಿರುವವನು ಎಲ್ಲಿ ಹುಟ್ಟಿದವನಾದರೂ ಸ್ಟ್ಯಾಂಡಿನಲ್ಲಿ ಸಾಲು ಹಿಡಿಯಲು ಬಿಡಬೇಕು ಎಂಬುದು ನನ್ನ ಖಚಿತ ನಿಲುವು.

ಪಾಲನ್ನು ಪ್ರವಾಸಿ ತೆರಿಗೆಯಿಂದಲೇ ಕೊಡಬಹುದಲ್ಲ ಎಂದು ಕೇಳಬಹುದು. 2024ರ ಫೆಬ್ರವರಿಯಿಂದ ಪ್ರತಿ ವಿದೇಶಿ ಪ್ರವಾಸಿಯೂ ಬಾಲಿಗೆ 1,50,000 ರುಪಿಯಾ ಕಟ್ಟಬೇಕು. ಮೊದಲ ವರ್ಷ ಬಂದವರಲ್ಲಿ ಅರ್ಧದಷ್ಟು ಜನವೂ ಅದನ್ನು ಕಟ್ಟಲಿಲ್ಲ. ಕಟ್ಟಿದ ಹಣವೂ ಪ್ರಾಂತೀಯ ಖಜಾನೆಗೆ ಸೇರುತ್ತದೆ, ಬೀದಿಯ ಕೊನೆಯವರೆಗೆ ಅದು ಯಾವಾಗ ಹೇಗೆ ಬರುತ್ತದೆ ಎಂಬುದು ಅಲ್ಲಿ ಕೂತವರಿಗೆ ಕಾಣುವುದಿಲ್ಲ. ಪಾಲು ಕಣ್ಣಿಗೆ ಕಾಣುವಷ್ಟು ಹತ್ತಿರದಲ್ಲಿ ಸಲ್ಲಬೇಕು. ಅದಕ್ಕೆ ಮಾದರಿ ಬಾಲಿಯ ದಕ್ಷಿಣ ತುದಿಯ ಕುತುಹ್ ಗ್ರಾಮದಲ್ಲೇ ಇದೆ. ಸುಣ್ಣಕಲ್ಲಿನ ಬಂಡೆಯ ಗೂಡುಗಳಲ್ಲಿ ಕುಂತಿ ಮತ್ತು ಪಾಂಡವರ ದೊಡ್ಡ ವಿಗ್ರಹಗಳಿರುವ ಪಾಂಡವ ಬೀಚಿಗೆ ಆ ಸಾಂಪ್ರದಾಯಿಕ ಗ್ರಾಮವೇ ಟಿಕೆಟ್ ಇಟ್ಟಿದೆ. ದರ ಅಚ್ಚಾಗಿದೆ, ಎಲ್ಲರೂ ಕೊಡುತ್ತಾರೆ, ಹಣ ಊರಿಗೆ ಹೋಗುತ್ತದೆ ಎಂದು ಎಲ್ಲರಿಗೂ ಗೊತ್ತು. ಅದನ್ನು ಮಾಫಿಯಾ ಎನ್ನುವುದಿಲ್ಲ. ವಿಮಾನ ನಿಲ್ದಾಣದ ಟ್ಯಾಕ್ಸಿ ಕೌಂಟರಿನಲ್ಲೂ ಯಾವ ಪ್ರದೇಶಕ್ಕೆ ಎಷ್ಟು ಎಂಬ ದರಪಟ್ಟಿ ಇದೆ, ಗ್ರ್ಯಾಬ್‌ಗೂ ಅಲ್ಲಿ ಒಂದು ಅಧಿಕೃತ ಜಾಗವಿದೆ. ಹೆಚ್ಚು ಬೀಳಬಹುದು, ಆದರೆ ಎಷ್ಟು ಎಂಬುದು ಕಾರು ಹತ್ತುವ ಮೊದಲೇ ತಿಳಿದಿರುತ್ತದೆ. ಊರಿನ ಬೀದಿಯಲ್ಲಿ ಇದನ್ನೇ ಮಾಡಬಹುದು. ಪ್ರತಿ ಊರಿನಲ್ಲಿ ಒಂದು ಹತ್ತುವ ಜಾಗ ಇರಲಿ. ಯಾವ ಕಾರು ಬಂದರೂ, ಊರಿನದಾಗಲಿ ಪಕ್ಕದೂರಿನದಾಗಲಿ ಆಪ್‌ನದಾಗಲಿ, ಅಲ್ಲಿಂದ ಹತ್ತಿಸಿಕೊಳ್ಳಲಿ. ಪ್ರತಿ ಪ್ರಯಾಣಕ್ಕೂ ಊರಿನ ಪಾಲು ಇಷ್ಟು ಎಂದು ರಸೀದಿಯಲ್ಲಿ ಬೇರೆಯಾಗಿ ಬರೆದಿರಲಿ. ಹಣ ಇಡಲು, ಲೆಕ್ಕ ಬರೆಯಲು ಸಂಸ್ಥೆಯೂ ಇದೆ. 1984ರಿಂದ ಕಟ್ಟಿಕೊಂಡು ಬಂದ ಗ್ರಾಮ ಸಾಲಸಂಘಗಳು ಬಾಲಿಯ ಬಹುಪಾಲು ಸಾಂಪ್ರದಾಯಿಕ ಗ್ರಾಮಗಳಲ್ಲಿವೆ. ಕೆಲವು ಕಡೆ ಅವುಗಳಲ್ಲಿ ಹಣ ದುರುಪಯೋಗವಾಗಿ ಕೇಸು ನಡೆದದ್ದುಂಟು. ಅದೇ ಕಾರಣಕ್ಕೆ ಲೆಕ್ಕ ವರ್ಷವರ್ಷ ಊರ ಮುಂದೆ ಬರಬೇಕು.

ಪ್ರಯಾಣಿಕರನ್ನೂ ಕಾರನ್ನೂ ಜೋಡಿಸುವ ತಂತ್ರಜ್ಞಾನಕ್ಕೆ ಪ್ರತಿ ಬಾಡಿಗೆಯಲ್ಲಿ ಕಮಿಷನ್ ಕೊಡಲೇಬೇಕು ಎಂಬ ನಂಬಿಕೆಯನ್ನು ಬೆಂಗಳೂರು ಆಗಲೇ ಅಲ್ಲಾಡಿಸಿದೆ. 2022ರ ನವೆಂಬರಿನಲ್ಲಿ ಆಟೋ ಚಾಲಕರ ಸಂಘದ ಬೆಂಬಲದೊಂದಿಗೆ ಬಂದ ನಮ್ಮ ಯಾತ್ರಿ ಆಪ್ ಕಮಿಷನ್ ಇಲ್ಲದೆ ಶುರುವಾಯಿತು. ಮರುವರ್ಷ ದಿನಕ್ಕೆ 25 ರೂಪಾಯಿ ಅಥವಾ ಪ್ರತಿ ಪ್ರಯಾಣಕ್ಕೆ 3.50 ರೂಪಾಯಿ ಶುಲ್ಕ ಇಟ್ಟಿತು. ಬಾಡಿಗೆ ನೇರವಾಗಿ ಚಾಲಕನಿಗೆ ಹೋಗುತ್ತದೆ. ಅದರಿಂದ ಬೆಂಗಳೂರಿನ ಆಟೋ ಸಮಸ್ಯೆಗಳೆಲ್ಲ ಮುಗಿದವು ಎನ್ನಲಾಗದು, ಆದರೆ ಕಮಿಷನ್ ಅನಿವಾರ್ಯವಲ್ಲ ಎಂಬುದಂತೂ ಸಾಬೀತಾಯಿತು. ಇನ್ನೊಂದು ನೆರೆಯ ಉದಾಹರಣೆ ಎಚ್ಚರಿಕೆಯದು. ಗೋವಾದಲ್ಲಿ 2018ರಲ್ಲಿ ಪ್ರವಾಸೋದ್ಯಮ ನಿಗಮದ ಜೊತೆ ಸೇರಿ ಗೋವಾ ಮೈಲ್ಸ್ ಆಪ್ ಬಂತು, ಟ್ಯಾಕ್ಸಿ ಮಾಲೀಕರ ಸಂಘಗಳು ಅದನ್ನು ತಮ್ಮದೆಂದು ಎಂದೂ ಒಪ್ಪಲಿಲ್ಲ, ಮುಷ್ಕರ, ತಕರಾರು ವರ್ಷಗಟ್ಟಲೆ ನಡೆದವು. ಸರ್ಕಾರ ತಂದುಕೊಟ್ಟ ಮಾತ್ರಕ್ಕೆ ಆಪ್ ಊರಿನದಾಗುವುದಿಲ್ಲ. ಬಾಲಿಯ ಊರುಗಳು ತಾವೇ ಕೂತು ಕಟ್ಟಿಕೊಂಡರೆ ಅದು ನಿಲ್ಲುತ್ತದೆ.

ಆ ದಿನ ಬರುವವರೆಗೆ ಅಲ್ಲಿಗೆ ಹೋಗುವ ನಮ್ಮವರು ಏನು ಮಾಡಬಹುದು ಎಂಬ ಪ್ರಶ್ನೆಗೂ ಇದೇ ವಾದದಲ್ಲಿ ಉತ್ತರವಿದೆ. ಬೋರ್ಡು ಇರುವ ಬೀದಿಗೆ ಆಪ್ ಚಾಲಕನನ್ನು ಕದ್ದುಮುಚ್ಚಿ ಕರೆಸುವುದು ಸರಿಯಲ್ಲ, ಬೈಗುಳ ಬೀಳುವುದು ನಮಗಲ್ಲ, ಅವನಿಗೆ. ಮುಖ್ಯರಸ್ತೆಯವರೆಗೆ ನಡೆದು ಹತ್ತಬಹುದು. ನಡೆಯಲಾಗದವರು ಉಳಿದುಕೊಂಡ ಮನೆಯವರ ಮೂಲಕ ಊರಿನ ಚಾಲಕನನ್ನು ಮೊದಲೇ ಗೊತ್ತುಮಾಡಿ, ದರವನ್ನು ಹಿಂದಿನ ದಿನವೇ ಒಪ್ಪಿಕೊಳ್ಳಬಹುದು. ದೇವಸ್ಥಾನ, ಗದ್ದೆ, ಕಡಲತೀರ ಎಂದು ಸುತ್ತುವ ದಿನ ಒಂದೊಂದು ಕಡೆಗೂ ಹೊಸ ಕಾರು ಹುಡುಕುವ ಬದಲು ಎಂಟು ಹತ್ತು ತಾಸಿಗೆ ಒಬ್ಬ ಚಾಲಕನನ್ನು ಹಿಡಿಯುವುದೇ ಮೇಲು. ನಮ್ಮ ಖರ್ಚೂ ಇಳಿಯುತ್ತದೆ, ಅವನ ಖಾಲಿ ಓಟವೂ ತಪ್ಪುತ್ತದೆ. ಆಪ್ ತೋರಿಸುವ ದರವನ್ನು ಊರಿನ ಚಾಲಕನ ಮುಖಕ್ಕೆ ಹಿಡಿದು ಚೌಕಾಸಿ ಮಾಡುವಾಗ, ಆ ದರದಲ್ಲಿ ಅವನು ವಾಪಸ್ ಬರುವ ಪೆಟ್ರೋಲು ಸೇರಿಲ್ಲ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಆಪ್‌ನಲ್ಲಿ ಹೋದಾಗ ಚಾಲಕನಿಗೆ ಮೇಲೆ ಒಂದಿಷ್ಟು ಕೊಡಬೇಕು, ಕಂಪನಿಯ ಕಡಿತ ಎಷ್ಟೆಂದು ಅವನನ್ನೇ ಕೇಳಿದರೆ ಯಾಕೆಂದು ತಿಳಿಯುತ್ತದೆ. ಬೆದರಿಸಿ ದರ ಹೇರುವ ಸ್ಟ್ಯಾಂಡಿಗೆ ಹಣ ಕೊಡದೆ ಹೋಟೆಲಿನವರ ಮೂಲಕ ಬಂಜಾರ್‌ಗೆ ದೂರು ಮುಟ್ಟಿಸುವುದೂ ಪ್ರವಾಸಿಗಿರುವ ಹಕ್ಕು. ಬೋರ್ಡು ಹಾಕಿದ ಊರು ಆ ದೂರಿಗೆ ಉತ್ತರ ಕೊಡಲೇಬೇಕು.